ದಾದಿಗೆ ಡಾಕ್ಟರೇಟ್ ಏಕೆ?

ಮಗಳು ನರ್ಸಿಂಗ್ ಮುಗಿಸಿದೊಡನೆ ನಮ್ಮ ಮನೆಗಳಲ್ಲಿ ಕೊಲ್ಲಿ ರಾಷ್ಟ್ರಗಳ ವೀಸಾದ ಮಾತು ಮೊದಲಾಗುತ್ತದೆ. ಪಿಎಚ್.ಡಿ. ಮಾಡುವೆನೆಂದರೆ, "ರೋಗಿಯ ಶುಶ್ರೂಷೆಗೆ ಅದೇಕೆ?" ಎನ್ನುತ್ತಾರೆ ಹಿರಿಯರು. ಕೇಳಬೇಕಾದ ಪ್ರಶ್ನೆಯೇ.

ಅಮೆರಿಕದ ಲಿಂಡಾ ಏಕನ್ ದಾದಿಯಾಗಿದ್ದು, ಬಳಿಕ ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ 2,32,342 ರೋಗಿಗಳ ದಾಖಲೆಗಳನ್ನು ಅವರೂ ಸಂಗಡಿಗರೂ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶವಿದು: ಒಬ್ಬ ದಾದಿಯ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಿದಂತೆಲ್ಲ, 30 ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇಕಡಾ 7ರಷ್ಟು ಏರುತ್ತಿತ್ತು. ರಾತ್ರಿಪಾಳಿಯ ಯಾವ ದಾದಿಗೆ ಇದು ತಿಳಿಯದು? ಆದರೆ ಆಡಳಿತದವರು ಕಿವಿಗೊಡುವುದು ಅಂಕಿಗೆ.

ಭಾರತೀಯ ಶುಶ್ರೂಷಾ ಪರಿಷತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳೊಡನೆ ಸೇರಿ, ಈ ಶತಮಾನದ ಮೊದಲ ದಶಕದಲ್ಲಿ ಶುಶ್ರೂಷಾ ಪಿಎಚ್.ಡಿ.ಗಾಗಿ ರಾಷ್ಟ್ರೀಯ ಒಕ್ಕೂಟವನ್ನು ರಚಿಸಿತು. ಹಾಸಿಗೆ ಹುಣ್ಣು, ನೋವಿನ ಉಪಶಮನ, ತಾಯಿಹಾಲು, ವೃದ್ಧರ ಆರೈಕೆ: ಸಂಶೋಧನೆಯ ವಿಷಯಗಳು ವಾರ್ಡಿನಲ್ಲಿಯೇ ಹುಟ್ಟುತ್ತವೆ.

ನಮ್ಮ ಅಳುಕು ಬೇರೆಯದು. ಡಾಕ್ಟರೇಟ್ ಪಡೆದ ದಾದಿಗೆ ಕಾಲೇಜಿನಲ್ಲಿ ಕುರ್ಚಿಯುಂಟು, ರೋಗಿಯ ಬಳಿ ತಕ್ಕ ಹುದ್ದೆಯಿಲ್ಲ. ನಮ್ಮ ಮಿಷನ್ ಆಸ್ಪತ್ರೆಗಳಾದರೂ ಅದನ್ನು ಕಲ್ಪಿಸಲಿ.