ಕೈ ಬದಲಾದ ಗಿಳಿಯ ಪರಿಚಯ

ಬಾಣಭಟ್ಟನ 'ಕಾದಂಬರಿ'ಯ ಕಥೆಯು ಗಿಳಿಯೊಂದರ ಬಾಯಿಂದ ಹೊರಡುತ್ತದೆ. ಅದನ್ನು ನಾಗವರ್ಮನು ಕನ್ನಡಿಸಿದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಆ ಗಿಳಿ ಅಪರಿಚಿತವಲ್ಲ. ಕನ್ಯೆಯೊಬ್ಬಳು ಪಂಜರದಲ್ಲಿ ತಂದೊಪ್ಪಿಸಿದ ವೈಶಂಪಾಯನನೆಂಬ ಆ ಪಕ್ಷಿಯನ್ನು ಶೂದ್ರಕ ಮಹಾರಾಜನು ಸಭೆಯಲ್ಲಿಯೇ ಪ್ರಶ್ನಿಸಲು ತೊಡಗಲಿಲ್ಲ. ಅದನ್ನು ಅಂತಃಪುರಕ್ಕೆ ಕಳುಹಿಸಿ, ಉಣಿಸು ಕೊಡಿಸಿ, ದಣಿವಾರಿಸಿದ ಮೇಲೆಯೇ ಅದರ ಪೂರ್ವವೃತ್ತಾಂತವನ್ನು ಕೇಳಿದನು. ಒಂದು ಮನೆಯಲ್ಲಿ ಬೆಳೆದು ಇನ್ನೊಂದು ಮನೆಗೆ ಬಂದ ಗಿಳಿಯನ್ನು ಸ್ವೀಕರಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ವೈಶಂಪಾಯನನು ತನ್ನ ಕಥೆಯನ್ನು ತಾನೇ ಹೇಳಿದನು. ನಮ್ಮ ಮನೆಯ ಗಿಳಿ ಹೇಳಲಾರದು. ಅದರ ಮೈ, ನಡೆ, ದನಿಗಳಿಂದ ನಾವೇ ಅದನ್ನು ಓದಿಕೊಳ್ಳಬೇಕು. ಆ ಓದಿನ ಕ್ರಮವನ್ನು ಬೀದರ ನಗರ, ಭಾಲ್ಕಿ, ಔರಾದಗಳ ಸಂದರ್ಭದಲ್ಲಿಟ್ಟು ವಿವರಿಸುವುದು ಈ ಲೇಖನದ ಉದ್ದೇಶ.

1. ಬಂದಿರುವ ಹಕ್ಕಿ ಯಾವುದು?

ಗಿಳಿಗಳು ಕೈ ಬದಲಾಯಿಸುವುದಕ್ಕೆ ಕಾರಣಗಳು ಹಲವು. ಸಾಕಿದವರು ನೌಕರಿಯ ಮೇಲೆ ಬೇರೆ ಊರಿಗೆ ಹೋಗುತ್ತಾರೆ, ಮಕ್ಕಳು ಓದಲು ಹೈದರಾಬಾದು ಪುಣೆಗಳಿಗೆ ತೆರಳುತ್ತಾರೆ, ಹಿರಿಯರು ಕಾಲವಾಗುತ್ತಾರೆ. ಗಿಳಿಯಾದರೋ ದೀರ್ಘಾಯುಷಿ. ಸಾಮಾನ್ಯ ಹಸಿರು ಗಿಳಿಯು ಪಂಜರದಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಬದುಕಬಲ್ಲದು. ಆಫ್ರಿಕದ ಬೂದುಗಿಳಿಯು ಅದಕ್ಕೂ ಹೆಚ್ಚು ಕಾಲ ಬಾಳಬಹುದು. ಮನುಷ್ಯನ ಅನುಕೂಲಕ್ಕಿಂತ ಹಕ್ಕಿಯ ಆಯುಸ್ಸು ಉದ್ದವಾದಾಗ ಅದು ಮನೆಯಿಂದ ಮನೆಗೆ ದಾಟುವುದು ಸಹಜ.

ಆದಕಾರಣ ಮೊದಲ ಪ್ರಶ್ನೆ, ಇದು ಯಾವ ಜಾತಿಯ ಹಕ್ಕಿ ಎಂಬುದು. ಇದು ಕೇವಲ ಪ್ರಾಣಿಶಾಸ್ತ್ರದ ಕುತೂಹಲವಲ್ಲ. ಹಕ್ಕಿಯ ಮುಂದಿನ ಗತಿಯೆಲ್ಲವೂ ಇದನ್ನು ಅವಲಂಬಿಸಿದೆ. ಹಸಿರು ಮೈ, ಕೆಂಪು ಕೊಕ್ಕು, ಉದ್ದ ಬಾಲ, ಗಂಡಾದರೆ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣಗಳ ಪಟ್ಟಿ ಇದ್ದರೆ ಅದು ನಮ್ಮ ಸಾಮಾನ್ಯ ಗಿಳಿ. ಹೆಣ್ಣಿಗೂ ಎಳೆಯ ಗಂಡಿಗೂ ಈ ಪಟ್ಟಿ ಕಾಣದು. ಅದಕ್ಕಿಂತ ದೊಡ್ಡದಾಗಿ, ರೆಕ್ಕೆಯ ಹೆಗಲಿನಲ್ಲಿ ಕೆಂಪು ಮಚ್ಚೆಯಿದ್ದರೆ ಅದು ದೊಡ್ಡ ಜಾತಿಯ ಗಿಳಿ. ಇವೆರಡೂ ಭಾರತದ ಕಾಡುಹಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇವುಗಳಿಗೆ ರಕ್ಷಣೆ ನೀಡಿದೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ರೂಪದಲ್ಲಿ ಇವು ಎರಡನೆಯ ಅನುಸೂಚಿಯಲ್ಲಿವೆ. ಇವುಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ನ್ಯಾಯಸಮ್ಮತವಲ್ಲ. ಗಿಳಿಶಾಸ್ತ್ರದವರ ಪೆಟ್ಟಿಗೆಯಲ್ಲಿರುವುದೂ, ಪಡಸಾಲೆಯಲ್ಲಿ 'ಮಿಠ್ಠು' ಎಂದು ತೂಗುವುದೂ ಬಹುತೇಕ ಇದೇ ಹಕ್ಕಿ ಎಂಬುದನ್ನು ನೆನೆದರೆ, ರೂಢಿಗೂ ಶಾಸನಕ್ಕೂ ಇರುವ ಅಂತರವು ಸ್ಪಷ್ಟವಾಗುತ್ತದೆ. ನೀಲಿ, ಹಳದಿ ಬಣ್ಣದ ಗಿಳಿಯನ್ನು 'ವಿದೇಶೀ' ಎಂದು ಹೇಳಿ ಕೊಡುವುದುಂಟು. ಅವುಗಳಲ್ಲಿ ಅನೇಕವು ಇದೇ ಜಾತಿಯ ಬಣ್ಣದ ಭೇದಗಳು. ಬಣ್ಣ ಬದಲಾದ ಮಾತ್ರಕ್ಕೆ ಜಾತಿ ಬದಲಾಗದು.

ವಿದೇಶದ ಹಕ್ಕಿಗಳ ವಿಚಾರ ಬೇರೆ. ಅಂಗಡಿಗಳಲ್ಲಿ 'ಲವ್ ಬರ್ಡ್' ಎಂದು ಕರೆಯಲಾಗುವ ಆಸ್ಟ್ರೇಲಿಯದ ಬಜರಿಗಾರ್, ಜುಟ್ಟಿನ ಕಾಕಟೀಲ್ ಇವು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸಿನ ಪಟ್ಟಿಗಳಿಂದ ಹೊರಗಿವೆ. ಬೂದುಗಿಳಿಯು 2017ರಿಂದ ಆ ಒಪ್ಪಂದದ ಮೊದಲನೆಯ ಪಟ್ಟಿಯಲ್ಲಿದೆ. ಮಕಾವ್, ಕಾಕಟೂ ಮೊದಲಾದವೂ ಪಟ್ಟಿಗಳಲ್ಲಿ ಸೇರಿವೆ. ಇಂಥ ಹಕ್ಕಿಯನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಸರ್ಕಾರದ 'ಪರಿವೇಶ್' ಜಾಲತಾಣದಲ್ಲಿ ನೋಂದಾಯಿಸಬೇಕು. ಹಕ್ಕಿ ಕೈ ಬದಲಾದರೆ ಅದನ್ನೂ ತಿಳಿಸಬೇಕು. ಆದ್ದರಿಂದ ಪಂಜರದೊಡನೆ ಕಾಗದವನ್ನೂ ಕೇಳಿ ಪಡೆಯುವುದು ವಿವೇಕ.

ಬಂದಿರುವುದು ನಮ್ಮ ಹಸಿರು ಗಿಳಿಯೇ ಆದರೆ ಏನು ಮಾಡತಕ್ಕದ್ದು? ಹತ್ತು ವರ್ಷ ಪ್ರೀತಿಯಿಂದ ಸಾಕಿದವರಿಗೆ ಈ ಪ್ರಶ್ನೆ ಕಠಿಣವಾದುದು. ಆದರೆ ಪ್ರೀತಿಯು ಒಡೆತನದ ಪತ್ರವಾಗಲಾರದು. ಪಂಜರದ ಬಾಗಿಲು ತೆರೆದು ಹಾರಿಬಿಡುವುದು ಪುಣ್ಯವೆಂದು ತೋರಬಹುದು. ಕೈತುತ್ತಿನಲ್ಲಿ ಬೆಳೆದ ಹಕ್ಕಿಗೆ ಮೇವು ಹುಡುಕಲು ತಿಳಿಯದು, ಬೆಕ್ಕು ಗಿಡುಗಗಳ ಭಯ ತಿಳಿಯದು, ರೆಕ್ಕೆಯ ಸ್ನಾಯುಗಳಿಗೆ ಬಲವಿರದು. ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ, ಹಕ್ಕಿಯನ್ನು ಒಪ್ಪಿಸುವುದೇ ಸರಿಯಾದ ದಾರಿ. ಒಪ್ಪಿಸುವವರೆಗಿನ ಕೆಲವು ದಿನಗಳಿಗೂ, ಶಾಸನಬದ್ಧವಾಗಿ ಇರಿಸಿಕೊಂಡ ವಿದೇಶೀ ಹಕ್ಕಿಯ ಇಡೀ ಬಾಳಿಗೂ, ಮುಂದಿನ ಮಾತುಗಳು ಸಮಾನವಾಗಿ ಅನ್ವಯಿಸುತ್ತವೆ.

2. ವಿಶ್ರಾಂತಿ ಮತ್ತು ಆರೋಗ್ಯ

ಹೊಸ ಮನೆಗೆ ಬಂದ ಗಿಳಿಯು ಮೊದಲ ದಿನಗಳಲ್ಲಿ ತೋರುವ ಮೌನವನ್ನು ಸೌಮ್ಯಸ್ವಭಾವವೆಂದು ತಿಳಿಯಬಾರದು. ಅದು ಭಯ. ಬೇಟೆಗೆ ಗುರಿಯಾಗುವ ಜೀವಿಯಾದ್ದರಿಂದ ಅಪರಿಚಿತ ಸ್ಥಳದಲ್ಲಿ ಅಲುಗಾಡದೆ ಕುಳಿತಿರುತ್ತದೆ. ಪಂಜರದ ಒಂದು ಬದಿ ಗೋಡೆಗೆ ತಾಗಿರಲಿ. ಆಗ ಹಕ್ಕಿಗೆ ಎಲ್ಲ ದಿಕ್ಕುಗಳನ್ನೂ ಕಾಯುವ ಕಷ್ಟ ತಪ್ಪುತ್ತದೆ. ಪಂಜರವು ಕಣ್ಣಿನ ಮಟ್ಟದಲ್ಲಿರಲಿ. ಬೀದರದ ಪ್ರಸ್ಥಭೂಮಿಯಲ್ಲಿ ಬೇಸಗೆಯ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. ಚಳಿಗಾಲದ ಕೆಲವು ರಾತ್ರಿಗಳು ಹತ್ತು ಡಿಗ್ರಿಯ ಸಮೀಪಕ್ಕಿಳಿಯುತ್ತವೆ. ಆದುದರಿಂದ ಕಿಟಕಿಯ ನೇರ ಬಿಸಿಲೂ ಬಾಗಿಲ ಸಂದಿನ ಕುಳಿರ್ಗಾಳಿಯೂ ತಾಗದ ಮೂಲೆ ಬೇಕು. ಅಡುಗೆಮನೆ ಮಾತ್ರ ಕೂಡದು. ಅಂಟದ ಲೇಪನವುಳ್ಳ ಬಾಣಲೆ ಅತಿಯಾಗಿ ಕಾದಾಗ ಹೊರಡುವ ಆವಿಯು ಮನುಷ್ಯನಿಗೆ ತಿಳಿಯುವ ಮುನ್ನವೇ ಹಕ್ಕಿಯನ್ನು ಕೊಲ್ಲಬಲ್ಲದು. ಗಾಳಿಚೀಲಗಳಿಂದ ಕೂಡಿದ ಪಕ್ಷಿಯ ಉಸಿರಾಟದ ವ್ಯವಸ್ಥೆಯು ಆಮ್ಲಜನಕವನ್ನು ಎಷ್ಟು ದಕ್ಷತೆಯಿಂದ ಹೀರುವುದೋ ವಿಷವನ್ನೂ ಅಷ್ಟೇ ದಕ್ಷತೆಯಿಂದ ಹೀರುತ್ತದೆ.

ಗಿಳಿಗಳಿಂದ ಮನುಷ್ಯರಿಗೆ ಹರಡುವ ರೋಗವೊಂದುಂಟು. ಅದನ್ನು ಗಿಳಿಜ್ವರವೆಂದು ಕರೆಯಬಹುದು. ಕ್ಲಮೈಡಿಯ ಸಿಟ್ಟಸಿ ಎಂಬ ಬ್ಯಾಕ್ಟೀರಿಯ ಇದಕ್ಕೆ ಕಾರಣ. 1929–30ರಲ್ಲಿ ದಕ್ಷಿಣ ಅಮೆರಿಕದಿಂದ ಮಾರಾಟಕ್ಕೆ ಸಾಗಿದ ಗಿಳಿಗಳ ಮೂಲಕ ಇದು ಯುರೋಪು ಅಮೆರಿಕಗಳಲ್ಲಿ ಹಬ್ಬಿ ಅನೇಕರ ಪ್ರಾಣ ತೆಗೆಯಿತು. ಸೋಂಕಿದ ಹಕ್ಕಿ ಆರೋಗ್ಯವಾಗಿಯೇ ಕಾಣಬಹುದು; ಪ್ರಯಾಣ, ಸ್ಥಳಾಂತರಗಳ ಬಳಲಿಕೆಯಲ್ಲಿ ಅದರ ಹಿಕ್ಕೆಯಲ್ಲಿ ರೋಗಾಣುಗಳು ಹೊರಬೀಳುವುದು ಹೆಚ್ಚುತ್ತದೆ. ಅರ್ಥಾತ್ ಕೈ ಬದಲಾಗುವ ಹೊತ್ತೇ ಅಪಾಯದ ಹೊತ್ತು. ಹಿಕ್ಕೆಯನ್ನು ಒಣದಾಗಿ ಗುಡಿಸದೆ ನೀರು ಚಿಮುಕಿಸಿ ಒರಸಬೇಕು; ಮನೆಯಲ್ಲಿ ಬೇರೆ ಹಕ್ಕಿಗಳಿದ್ದರೆ ಹೊಸದನ್ನು ಒಂದು ತಿಂಗಳಾದರೂ ಪ್ರತ್ಯೇಕ ಕೋಣೆಯಲ್ಲಿಡಬೇಕು. ಹಕ್ಕಿ ಬಂದ ಮೇಲೆ ಮನೆಯವರಲ್ಲಿ ಜ್ವರ, ತಲೆನೋವು, ಒಣಕೆಮ್ಮು ಕಂಡರೆ, ಮನೆಯಲ್ಲಿ ಗಿಳಿಯಿದೆ ಎಂಬ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಪಶುವೈದ್ಯಕೀಯ ಕಾಲೇಜೂ ಬೀದರದಲ್ಲಿಯೇ ಇರುವುದು ಈ ಜಿಲ್ಲೆಯವರಿಗೆ ಒದಗಿದ ಅನುಕೂಲ.

ಹಕ್ಕಿ ತನ್ನ ಕಾಯಿಲೆಯನ್ನು ಮರೆಮಾಚುತ್ತದೆ. ತಕ್ಕಡಿಗೆ ಅದನ್ನು ಮರೆಮಾಚಲಾಗದು. ಸಾಮಾನ್ಯ ಗಿಳಿಯ ತೂಕ ನೂರು ಗ್ರಾಮಿನ ಆಸುಪಾಸು. ಪ್ರತಿದಿನ ಬೆಳಿಗ್ಗೆ ಮೇವಿಗೆ ಮುನ್ನ ಗ್ರಾಮಿನ ಲೆಕ್ಕದ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರೆ, ಹತ್ತನೆಯ ಒಂದು ಪಾಲು ಕುಸಿದಾಗಲೇ ಎಚ್ಚರಗೊಳ್ಳಬಹುದು.

3. ಮೈಯ ಭಾಷೆ

ಗಿಳಿಯ ಪಾಪೆಯು ಅದರ ಇಚ್ಛೆಯಂತೆ ಕಿರಿದಾಗಿ ಹಿರಿದಾಗಬಲ್ಲದು. ಪಾಪೆ ಬೇಗಬೇಗನೆ ಕುಗ್ಗಿ ಹಿಗ್ಗಿದರೆ ಮನಸ್ಸು ಕೆರಳಿದೆ ಎಂದರ್ಥ. ಅದು ಸಂತೋಷವೋ ಕೋಪವೋ ಎಂಬುದನ್ನು ಉಳಿದ ಮೈಯಿಂದ ತಿಳಿಯಬೇಕು. ಗರಿಗಳು ಮೈಗೆ ಅಂಟಿ, ಕೊರಳು ನೀಳವಾಗಿದ್ದರೆ ಭಯ. ಒಂದು ಕಾಲಿನ ಮೇಲೆ ನಿಂತು ಗರಿಗಳನ್ನು ಸಡಿಲಿಸಿ ಕೊಕ್ಕನ್ನು ಮೆಲ್ಲನೆ ಮಸೆಯುತ್ತಿದ್ದರೆ ನೆಮ್ಮದಿ. ಹಗಲೆಲ್ಲ ಗರಿಯುಬ್ಬಿಸಿ ಕುಳಿತು, ಉಸಿರಿನೊಡನೆ ಬಾಲವೂ ಮೇಲೆ ಕೆಳಗೆ ಆಡುತ್ತಿದ್ದರೆ ವ್ಯಾಧಿ. ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಹಳೆಯ ಮನೆಯ ಚರಿತ್ರೆಯೂ ಈ ಮೈಯಲ್ಲಿಯೇ ಇರುತ್ತದೆ. ಕೋಲನ್ನು ಕಂಡು ಬೆದರುವ ಹಕ್ಕಿ, ಗಂಡಸರ ಕೈಗೆ ಬಾರದೆ ಹೆಂಗಸರ ಕೈಗೆ ಬರುವ ಹಕ್ಕಿ, ಸಂಜೆ ನಿಯತ ವೇಳೆಗೆ ಬಾಗಿಲ ಕಡೆ ತಿರುಗಿ ಕೂಗುವ ಹಕ್ಕಿ—ಇವೆಲ್ಲವೂ ಹಿಂದೆ ನಡೆದುದನ್ನು ತಮ್ಮ ರೀತಿಯಲ್ಲಿ ಹೇಳುತ್ತಿರುತ್ತವೆ. ಎದೆಯ ಗರಿಗಳನ್ನು ಕಿತ್ತುಕೊಂಡು, ತಲೆಯ ಗರಿಗಳು ಮಾತ್ರ ಪೂರ್ಣವಾಗಿದ್ದರೆ ಅದು ತನ್ನ ಕೊಕ್ಕಿನಿಂದಲೇ ಮಾಡಿಕೊಂಡದ್ದು. ತಲೆಗೆ ಕೊಕ್ಕು ಎಟುಕದು. ಇದಕ್ಕೆ ರೋಗ ಕಾರಣವಲ್ಲವೆಂದು ಪರೀಕ್ಷೆಯಿಂದ ಖಚಿತವಾದರೆ, ಬೇಸರವನ್ನು ಶಂಕಿಸಬೇಕು. ಕ್ಯಾಲಿಫೋರ್ನಿಯದಲ್ಲಿ ಮೀಹನ್ ಮತ್ತು ಅವರ ಸಂಗಡಿಗರು ಅಮೆಜಾನ್ ಗಿಳಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗವು, ಮೇವನ್ನು ಹುಡುಕಿ ತಿನ್ನುವ ಅವಕಾಶವನ್ನೂ ಹತ್ತಿ ಆಡುವ ಸಾಮಗ್ರಿಗಳನ್ನೂ ಒದಗಿಸಿದರೆ ಗರಿ ಕೀಳುವ ಚಟ ತಗ್ಗುವುದೆಂದು ತೋರಿಸಿತು. ಬಟ್ಟಲು ತುಂಬ ಕಾಳು ಸುರಿಯುವ ಬದಲು ಕಾಗದದ ಪೊಟ್ಟಣದಲ್ಲಿ ಸುತ್ತಿಯೋ ತೊಗರಿಕಾಯಿಯನ್ನು ಸಿಪ್ಪೆಸಹಿತವಾಗಿಯೋ ಕೊಡುವುದು ಇದೇ ತತ್ತ್ವದ ಸುಲಭವಾದ ಆಚರಣೆ.

4. ಹಕ್ಕಿ ತಂದ ಮಾತು

ಕಲಿತು ನುಡಿಯುವ ಶಕ್ತಿ ಪಕ್ಷಿಗಳಲ್ಲಿ ಮೂರು ಗುಂಪುಗಳಿಗೆ ಸಿದ್ಧಿಸಿದೆ: ಗಿಳಿಗಳು, ಹಾಡುಹಕ್ಕಿಗಳು, ಝೇಂಕಾರದ ಹಕ್ಕಿಗಳು. ಗಿಳಿಯು ಮಾತಾಡುವುದು ಮನುಷ್ಯನನ್ನು ಮೆಚ್ಚಿಸಲೆಂದಲ್ಲ. ಕಾಡಿನಲ್ಲಿ ಗುಂಪಿನ ಸಂಗಾತಿಗಳು ಕೂಗಿನಿಂದ ಒಂದನ್ನೊಂದು ಗುರುತಿಸುತ್ತವೆ. ವೆನೆಜುವೆಲದ ಕಿರುಗಿಳಿಗಳ ಮರಿಗಳು ತಮ್ಮ ಗುರುತಿನ ಕೂಗನ್ನು ಸಾಕುವ ತಂದೆತಾಯಿಗಳಿಂದ ಕಲಿಯುತ್ತವೆಯೆಂದು ಕಾರ್ಲ್ ಬರ್ಗ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಪಂಜರದ ಗಿಳಿಗೆ ಮನೆಯವರೇ ಗುಂಪು. ಅವರ ಮಾತೇ ಗುಂಪಿನ ಗುರುತು. ಐರೀನ್ ಪೆಪ್ಪರ್‌ಬರ್ಗ್ ಅವರು 1977ರಲ್ಲಿ ಅಂಗಡಿಯಿಂದ ಕೊಂಡು 2007ರಲ್ಲಿ ಅದು ಸಾಯುವವರೆಗೆ ಅಭ್ಯಸಿಸಿದ ಅಲೆಕ್ಸ್ ಎಂಬ ಬೂದುಗಿಳಿಯು ವಸ್ತು, ಬಣ್ಣ, ಆಕಾರ, ಸಂಖ್ಯೆಗಳ ಹೆಸರುಗಳನ್ನು ಅರ್ಥವರಿತು ಬಳಸುತ್ತಿತ್ತು. ಇಬ್ಬರು ಮನುಷ್ಯರು ಪರಸ್ಪರ ಮಾತಾಡುವುದನ್ನು ನೋಡಿ ಅದು ಕಲಿಯಿತೆಂಬುದು ಇಲ್ಲಿ ಗಮನಾರ್ಹ.

ಬೀದರ ಜಿಲ್ಲೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ತ್ವವಿದೆ. ಇಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಕನ್ನಡದಲ್ಲಿ 'ಗಿಳಿ', ಮರಾಠಿಯಲ್ಲಿ 'ಪೋಪಟ', ಉರ್ದುವಿನಲ್ಲಿ 'ತೋತಾ', ತೆಲುಗಿನಲ್ಲಿ 'ಚಿಲುಕ' ಎನ್ನಿಸಿಕೊಳ್ಳುವ ಹಕ್ಕಿಗೆ ಊಟಕ್ಕೆ ಕರೆಯುವ ಮಾತೂ ಬೇರೆಬೇರೆ: 'ಬಾ', 'ಯೇ', 'ಆವೋ', 'ರಾ'. ಔರಾದದ ಮರಾಠಿ ಮನೆಯಿಂದ ಭಾಲ್ಕಿಯ ಕನ್ನಡ ಮನೆಗೆ ಒಂದು ಕಾಕಟೀಲ್ ಬಂತೆಂದು ಭಾವಿಸೋಣ. 'ಬಾ' ಎಂದರೆ ಅದು ಅಲುಗದು. 'ಯೇ' ಎಂದರೆ ಜುಟ್ಟು ನಿಮಿರುತ್ತದೆ. ಹೊಸ ಒಡೆಯನು ಅದನ್ನು ಮಂದಬುದ್ಧಿಯೆಂದು ತಿಳಿದರೆ ತಪ್ಪು ಅವನದೇ. ಹಳೆಯ ಹೆಸರನ್ನೂ ಕರೆಯುವ ಮಾತನ್ನೂ ಹಾಗೆಯೇ ಉಳಿಸಿಕೊಂಡು, ಅದರೊಡನೆ ಹೊಸ ಮಾತನ್ನು ಜೋಡಿಸುತ್ತ ಹೋಗುವುದು ಯುಕ್ತ. ಎರಡೂ ಕಡೆಯ ಮಾತನ್ನು ಬಲ್ಲವರು ನಮ್ಮಲ್ಲಿ ಬಹುಮಂದಿ. ಹಕ್ಕಿಗೂ ಆ ಸೌಲಭ್ಯವನ್ನು ಏಕೆ ನಿರಾಕರಿಸಬೇಕು?

ಆದಕಾರಣ ಹಕ್ಕಿಯನ್ನು ಪಡೆಯುವಾಗಲೇ ಹಿಂದಿನವರನ್ನು ಕೆಲವು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಬೇಕು: ಅದರ ಹೆಸರೇನು, ವಯಸ್ಸೆಷ್ಟು, ಯಾವ ಭಾಷೆ ಕೇಳಿ ಬೆಳೆಯಿತು, ಏನು ತಿನ್ನುತ್ತಿತ್ತು, ಎಷ್ಟು ಹೊತ್ತಿಗೆ ಮಲಗುತ್ತಿತ್ತು, ಯಾರ ಕೈಗೆ ಬರುತ್ತಿತ್ತು, ಯಾವುದಕ್ಕೆ ಹೆದರುತ್ತಿತ್ತು.

5. ಮೇವು ಮತ್ತು ಕೈ

ನಮ್ಮಲ್ಲಿ ಗಿಳಿಗೆ ಕುಸುಬೆ, ಸೂರ್ಯಕಾಂತಿ ಬೀಜಗಳನ್ನೇ ಹಾಕುವ ರೂಢಿ. ಇವುಗಳಲ್ಲಿ ಕೊಬ್ಬು ಹೆಚ್ಚು, ಎ ಜೀವಸತ್ತ್ವವೂ ಸುಣ್ಣದಂಶವೂ ಕಡಿಮೆ. ಬೇಯಿಸಿದ ಬೇಳೆಕಾಳು, ಹಾಲುಗಾಳಿನ ಜೋಳದ ತೆನೆ, ನುಗ್ಗೆಸೊಪ್ಪು, ಮೆಂತ್ಯಸೊಪ್ಪು, ಗಜ್ಜರಿ, ಪೇರಲಹಣ್ಣು ಜತೆಗೂಡಬೇಕು. ಮೆಣಸಿನಕಾಯಿಯ ಖಾರ ಹಕ್ಕಿಗೆ ತಾಗದು. ಸಸ್ತನಿಗಳ ನರದಲ್ಲಿ ಉರಿಯನ್ನುಂಟುಮಾಡುವ ಅಂಶಕ್ಕೆ ಪಕ್ಷಿಗಳ ನರ ಸ್ಪಂದಿಸುವುದಿಲ್ಲ. ಚಹಾದಲ್ಲಿ ಅದ್ದಿದ ಬಿಸ್ಕತ್ತು, ಉಪ್ಪಿನ ತಿನಿಸು, ಚಾಕೊಲೇಟು, ಬೆಣ್ಣೆಹಣ್ಣು ಕೂಡದು. ಆದರೆ ಹಳೆಯ ಮೇವನ್ನು ಒಂದೇ ದಿನ ನಿಲ್ಲಿಸಬಾರದು. ಅಪರಿಚಿತ ಮೇವನ್ನು ಮೇವೆಂದೇ ಗುರುತಿಸದೆ ಹಕ್ಕಿ ಹಸಿದು ಸಾಯಬಹುದು. ವಾರಗಳ ಮೇಲೆ ವಾರ ಅಳತೆಯನ್ನು ಮೆಲ್ಲನೆ ಬದಲಾಯಿಸಬೇಕು. ತೂಕದ ದಾಖಲೆಯು ಇಲ್ಲಿ ಮತ್ತೆ ನೆರವಾಗುತ್ತದೆ.

ಕೈಯ ಪರಿಚಯವು ಕೊನೆಯದು. ಮೊದಲು ಪಂಜರದ ಬಳಿ ಕುಳಿತು ಓದುವುದು; ಬಳಿಕ ಸರಳಿನ ಮೂಲಕ ಇಷ್ಟದ ತುಣುಕನ್ನು ನೀಡುವುದು; ಅನಂತರ ತೆರೆದ ಬಾಗಿಲಲ್ಲಿ ಕೈಯಿಡುವುದು. ಹಕ್ಕಿ ಹಿಂಜರಿದರೆ ನಾವೂ ಹಿಂದೆ ಸರಿಯಬೇಕು. ಕಚ್ಚುವುದು ಗಿಳಿಯ ಕೊನೆಯ ಮಾತು. ಅದಕ್ಕೆ ಮುಂಚೆ ಅದು ಹೇಳಿದ ಹಲವು ಮಾತುಗಳನ್ನು ನಾವು ಕೇಳದೆ ಹೋದುದರಿಂದ ಅದನ್ನು ಆಡುತ್ತದೆ. ಆಗ ಹೊಡೆದರೆ, ಕೂಗಿದರೆ, ಕಲಿಯುವ ಪಾಠ ಒಂದೇ: ಈ ಕೈ ಅಪಾಯದ್ದು. ಇದಕ್ಕೆ ತಿಂಗಳುಗಳು ಹಿಡಿಯಬಹುದು. ಕೆಲವು ಹಕ್ಕಿಗಳು ಕೈಗೆ ಬಾರದೆಯೇ ನೆಮ್ಮದಿಯಿಂದ ಇರಬಹುದು.

ಶೂದ್ರಕನು ಕೇಳಿದ ಕಥೆಯಲ್ಲಿ ಗಿಳಿಯ ಹಿಂದೆ ಹಲವು ಜನ್ಮಗಳಿದ್ದವು. ಕೈ ಬದಲಾದ ಗಿಳಿಗೂ ಹಿಂದೊಂದು ಬಾಳಿದೆ. ಅದನ್ನು ಅಳಿಸಿ ನಮ್ಮದನ್ನು ಬರೆಯಹೊರಟರೆ ಹಕ್ಕಿ ನಮಗೆ ಎಂದೂ ಪರಿಚಯವಾಗದು. ಮೊದಲು ಅದು ಯಾರೆಂದು ತಿಳಿದು, ನಮ್ಮ ಮನೆಯಲ್ಲಿ ಇರತಕ್ಕದ್ದೇ ಎಂಬುದನ್ನು ಪ್ರಾಮಾಣಿಕವಾಗಿ ನಿರ್ಣಯಿಸಿ, ಇರತಕ್ಕದ್ದಾದರೆ ತಾಳ್ಮೆಯಿಂದ ಓದಬೇಕು. ಇರತಕ್ಕದ್ದಲ್ಲವಾದರೆ ಬೀಳ್ಕೊಡಲು ಸಿದ್ಧರಾಗಬೇಕು. ಬೀಳ್ಕೊಡುವುದೂ ಪರಿಚಯದ ಫಲವೇ ಆಗಿದೆ.