ರಾಸುಗಳ ಕ್ಷಯರೋಗವನ್ನು ರಕ್ತದಿಂದ ಕಂಡುಹಿಡಿಯುವ ಕ್ರಮ

ಹಸುವನ್ನು ಕೊಳ್ಳುವವರು ಅದರ ಹಲ್ಲು, ಸುಳಿ, ಕೆಚ್ಚಲು, ನಡೆ ಇವುಗಳನ್ನು ನೋಡಿ ಬೆಲೆಕಟ್ಟುವುದು ವಾಡಿಕೆ. ಈ ಲಕ್ಷಣಗಳೆಲ್ಲ ನೆಟ್ಟಗಿದ್ದು, ಹಾಲೂ ಸಮೃದ್ಧಿಯಾಗಿದ್ದು, ಒಳಗೆ ಕ್ಷಯರೋಗವನ್ನು ಅಡಗಿಸಿಕೊಂಡಿರುವ ರಾಸುಗಳುಂಟು. ಅಂತಹ ಒಂದೇ ರಾಸು ಕೊಟ್ಟಿಗೆಯನ್ನು ಸೇರಿದರೂ ಮಿಕ್ಕ ರಾಸುಗಳಿಗೂ ಮನೆಯ ಮಕ್ಕಳಿಗೂ ಅಪಾಯವು ಒದಗುವುದು. ಹೀಗೆ ಮರೆಯಾಗಿರುವ ರೋಗವನ್ನು ರಾಸಿನ ರಕ್ತದಿಂದ ಮುಂಚಿತವಾಗಿ ಅರಿಯುವ ಒಂದು ಕ್ರಮವು ಆಸ್ಟ್ರೇಲಿಯಾ ದೇಶದಲ್ಲಿ ರೂಪುಗೊಂಡು, ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿರುವುದು. ಅದರ ತತ್ತ್ವವೇನು, ಅದರಿಂದ ತಿಳಿಯುವುದೆಷ್ಟು, ತಿಳಿದ ಮೇಲೆ ಮಾಡತಕ್ಕದ್ದೇನು ಎಂಬುದನ್ನು ಇಲ್ಲಿ ವಿವರಿಸಿದೆ.

ರೋಗದ ಸ್ವಭಾವ

ರಾಸುಗಳ ಕ್ಷಯಕ್ಕೆ ಮುಖ್ಯ ಕಾರಣವು ಮೈಕೋಬ್ಯಾಕ್ಟೀರಿಯಂ ಬೋವಿಸ್ ಎಂಬ ಸೂಕ್ಷ್ಮಜೀವಿ. ಇದು ಮನುಷ್ಯರ ಕ್ಷಯಕ್ಕೆ ಕಾರಣವಾದ ಸೂಕ್ಷ್ಮಜೀವಿಯ ಹತ್ತಿರದ ಸಂಬಂಧಿ. ಗಾಳಿಬೆಳಕಿಲ್ಲದ ಕೊಟ್ಟಿಗೆಯಲ್ಲಿ ರಾಸುಗಳನ್ನು ಒತ್ತೊತ್ತಾಗಿ ಕಟ್ಟಿದಾಗ ಒಂದರ ಉಸಿರಿನಿಂದ ಮತ್ತೊಂದಕ್ಕೆ ರೋಗವು ಹರಡುವುದು. ಹಸಿಹಾಲಿನ ಮೂಲಕ ಕರುವಿಗೂ ಮನುಷ್ಯರಿಗೂ ಅಂಟಬಹುದು. ರೋಗಾಣುಗಳು ಒಳಹೊಕ್ಕು ತಿಂಗಳುಗಳು, ಕೆಲವು ವೇಳೆ ವರ್ಷಗಳು ಕಳೆದರೂ ರಾಸು ಮೇಯುತ್ತಲೂ ಹಾಲು ಕರೆಯುತ್ತಲೂ ಇರುವುದು. ಕೆಮ್ಮು, ಗಂಟುಗಳ ಊತ, ಮೈ ಸೊರಗುವಿಕೆ ಇವು ಕಾಣುವ ವೇಳೆಗೆ ರೋಗವು ಬಲಿತಿರುವುದಲ್ಲದೆ, ಕೊಟ್ಟಿಗೆಯ ಇತರ ರಾಸುಗಳಿಗೂ ಅಂಟಿರುವ ಸಂಭವವುಂಟು.

ಹಳೆಯ ಪರೀಕ್ಷೆ

ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯನು 1882ರಲ್ಲಿ ಕ್ಷಯದ ಸೂಕ್ಷ್ಮಜೀವಿಯನ್ನು ಕಂಡುಹಿಡಿದನು. ಆ ಸೂಕ್ಷ್ಮಜೀವಿಗಳ ಸಾರದಿಂದ ಟ್ಯುಬರ್ಕ್ಯುಲಿನ್ ಎಂಬ ದ್ರವವನ್ನು ತಯಾರಿಸಿ, ಅದು ಕ್ಷಯಕ್ಕೆ ಔಷಧವಾಗುವುದೆಂದು 1890ರಲ್ಲಿ ಪ್ರಕಟಿಸಿದನು. ಔಷಧವಾಗಿ ಅದು ನಿಷ್ಫಲವಾಯಿತು. ರೋಗವನ್ನು ಗುರುತಿಸುವ ಸಾಧನವಾಗಿ ಉಪಯೋಗಕ್ಕೆ ಬಂದಿತು.

ಇದರ ಒಂದು ಹನಿಯಷ್ಟನ್ನು ರಾಸಿನ ಕತ್ತಿನ ಅಥವಾ ಬಾಲದ ಬುಡದ ಚರ್ಮದೊಳಕ್ಕೆ ಚುಚ್ಚಿ, ಮೂರು ದಿನಗಳ ತರುವಾಯ ಆ ಸ್ಥಳವು ದಪ್ಪವಾಗಿದೆಯೇ ಎಂದು ನೋಡುವರು. ಕತ್ತಿನ ಪರೀಕ್ಷೆಯಲ್ಲಿ ಚರ್ಮದ ದಪ್ಪವು 4 ಮಿಲಿಮೀಟರ್ ಅಥವಾ ಹೆಚ್ಚು ಏರಿದ್ದರೆ ರೋಗ ತಗಲಿದೆಯೆಂದು ಭಾವಿಸುವುದು ಸಾಮಾನ್ಯ ನಿಯಮ. ಈ ಪರೀಕ್ಷೆಯು ಸುಲಭ ವೆಚ್ಚದ್ದು. ಇಂದಿಗೂ ಲೋಕದಲ್ಲೆಲ್ಲ ರೂಢಿಯಲ್ಲಿರುವುದು ಇದೇ. ಆದರೆ ಒಂದೇ ರಾಸನ್ನು ಎರಡು ಸಾರಿ ಹಿಡಿದು ನಿಲ್ಲಿಸಬೇಕು. ಬೇಲಿಯಿಲ್ಲದ ವಿಶಾಲವಾದ ಹುಲ್ಲುಗಾವಲುಗಳಲ್ಲಿ ಸಹಸ್ರಾರು ರಾಸುಗಳು ಅಲೆಯುತ್ತಿದ್ದ ಉತ್ತರ ಆಸ್ಟ್ರೇಲಿಯಾದಲ್ಲಿ ಇದು ಬಹು ಕಷ್ಟದ ಕೆಲಸವಾಗಿತ್ತು. ಆ ದೇಶದವರು 1970ರಲ್ಲಿ ರಾಸುಗಳ ಕ್ಷಯವನ್ನೂ ಕಂದುಹಾಕುವ ರೋಗವಾದ ಬ್ರೂಸೆಲ್ಲೋಸಿಸನ್ನೂ ನಿರ್ಮೂಲಮಾಡುವ ಕಾರ್ಯವನ್ನು ಆರಂಭಿಸಿದ್ದರು. ಒಂದೇ ಸಾರಿ ರಾಸನ್ನು ಹಿಡಿದರೆ ಸಾಕಾಗುವಂತಹ ಪರೀಕ್ಷೆಯು ಅವರಿಗೆ ಬೇಕಾಗಿತ್ತು.

ರಕ್ತಕಣಗಳ ಡಂಗುರ

ಹೊಸ ಪರೀಕ್ಷೆಯನ್ನು ಅರಿಯಲು ಶರೀರವು ರೋಗವನ್ನು ಎದುರಿಸುವ ಬಗೆಯನ್ನು ಮೊದಲು ತಿಳಿಯಬೇಕು. ಹಿಂದಿನ ಕಾಲದಲ್ಲಿ ಊರಿಗೆ ಕಳ್ಳರು ನುಗ್ಗಿದರೆ, ಅವರನ್ನು ಕಂಡ ತಳವಾರನು ಡಂಗುರ ಹೊಡೆಯುತ್ತಿದ್ದನು; ಅದನ್ನು ಕೇಳಿದವರು ದೊಣ್ಣೆ ಹಿಡಿದು ಹೊರಬರುತ್ತಿದ್ದರು. ಶರೀರದಲ್ಲಿಯೂ ಹೀಗೆಯೇ. ಬಿಳಿಯ ರಕ್ತಕಣಗಳಲ್ಲಿ ಒಂದು ವರ್ಗದವು ಕಾವಲಿನ ಕೆಲಸವನ್ನು ಮಾಡುವುವು. ಒಮ್ಮೆ ಗುರುತು ಹಿಡಿದ ರೋಗಾಣುವನ್ನು ಇವು ಮರೆಯುವುದಿಲ್ಲ. ಅದೇ ರೋಗಾಣು ಮತ್ತೆ ಎದುರಾದರೆ ಒಂದು ಬಗೆಯ ಪ್ರೋಟೀನನ್ನು ಹೊರಸೂಸುವುವು. ಆ ಪ್ರೋಟೀನು ನೆರೆಯ ಕಣಗಳನ್ನು ಮುಟ್ಟಿ, ರೋಗಾಣುಗಳನ್ನು ನುಂಗುವ ಭಕ್ಷಕಕಣಗಳನ್ನು ಎಚ್ಚರಿಸುವುದು. ಒಂದು ಕಣವು ಮತ್ತೊಂದಕ್ಕೆ ಸಂದೇಶವನ್ನು ಕಳುಹಿಸುವುದು ಇಂತಹ ಪ್ರೋಟೀನುಗಳ ಮೂಲಕವೇ.

ಈ ಬಗೆಯ ಸಂದೇಶವಾಹಕಗಳಲ್ಲಿ ಒಂದಕ್ಕೆ ಇಂಟರ್‌ಫೆರಾನ್ ಎಂಬ ಹೆಸರನ್ನು 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್, ಜೀನ್ ಲಿಂಡನ್‌ಮನ್ ಎಂಬ ವಿಜ್ಞಾನಿಗಳು ಕೊಟ್ಟರು. ಇದರಲ್ಲಿ ಹಲವು ಭೇದಗಳುಂಟು. ಕ್ಷಯದ ಪರೀಕ್ಷೆಗೆ ಉಪಯೋಗವಾಗುವುದು ಗ್ಯಾಮಾ ಇಂಟರ್‌ಫೆರಾನ್ ಎಂಬ ಭೇದ.

ಆಸ್ಟ್ರೇಲಿಯಾದ ಸರ್ಕಾರೀ ಸಂಶೋಧನಾ ಸಂಸ್ಥೆಯಲ್ಲಿ ಪಾಲ್ ವುಡ್ ಮತ್ತು ಅವರ ಸಹೋದ್ಯೋಗಿಗಳು 1990ರ ಸುಮಾರಿಗೆ ಈ ತತ್ತ್ವವನ್ನು ರಾಸುಗಳ ಪರೀಕ್ಷೆಗೆ ಅಳವಡಿಸಿದರು. ಕಳ್ಳನನ್ನೇ ಹುಡುಕುವುದಕ್ಕೆ ಬದಲಾಗಿ, ಕಳ್ಳನ ಬಟ್ಟೆಯನ್ನು ತಳವಾರನಿಗೆ ತೋರಿಸಿ ಅವನು ಡಂಗುರ ಹೊಡೆಯುವನೋ ಇಲ್ಲವೋ ನೋಡುವುದೇ ಇದರ ಯುಕ್ತಿ. ಹಿಂದೆ ಕಳ್ಳನನ್ನು ಕಂಡಿದ್ದರೆ ತಳವಾರನು ಸುಮ್ಮನಿರಲಾರನು.

ಪರೀಕ್ಷೆಯ ಕ್ರಮ

ರಾಸಿನ ರಕ್ತವನ್ನು, ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಂಬ ವಸ್ತುವುಳ್ಳ ಕೊಳವೆಯಲ್ಲಿ ತೆಗೆಯುವರು. ಪ್ರಯೋಗಶಾಲೆಯಲ್ಲಿ ಅದನ್ನು ಮೂರು ಪಾಲು ಮಾಡುವರು. ಒಂದಕ್ಕೆ ರಾಸುಗಳ ಕ್ಷಯಾಣುವಿನ ಟ್ಯುಬರ್ಕ್ಯುಲಿನ್ನನ್ನೂ, ಎರಡನೆಯದಕ್ಕೆ ಹಕ್ಕಿಗಳ ಕ್ಷಯಾಣುವಿನ ಟ್ಯುಬರ್ಕ್ಯುಲಿನ್ನನ್ನೂ ಬೆರೆಸಿ, ಮೂರನೆಯದನ್ನು ಹಾಗೆಯೇ ಬಿಡುವರು. ಇವನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 16ರಿಂದ 24 ಗಂಟೆಗಳ ಕಾಲ ಇಟ್ಟು, ಮೇಲೆ ತಿಳಿಯಾಗಿ ನಿಂತ ದ್ರವದಲ್ಲಿ ಇಂಟರ್‌ಫೆರಾನ್ ಎಷ್ಟಿದೆ ಎಂಬುದನ್ನು ಬಣ್ಣದ ಗಾಢತೆಯಿಂದ ಅಳೆಯುವರು. ಮೊದಲನೆಯ ಪಾಲಿನಲ್ಲಿ ಅದು ಉಳಿದೆರಡಕ್ಕಿಂತ ನಿಯಮಿತ ಪ್ರಮಾಣವನ್ನು ಮೀರಿ ಹೆಚ್ಚಿದ್ದರೆ ರಾಸಿಗೆ ಕ್ಷಯವು ತಗಲಿದೆಯೆಂದು ಎಣಿಸುವರು.

ಹಕ್ಕಿಗಳ ಟ್ಯುಬರ್ಕ್ಯುಲಿನ್ ಏತಕ್ಕೆಂಬ ಪ್ರಶ್ನೆ ಹುಟ್ಟಬಹುದು. ಮಣ್ಣು, ನೀರುಗಳಲ್ಲಿ ಕ್ಷಯಾಣುವಿನ ದಾಯಾದಿಗಳಾದ ನಿರುಪದ್ರವಿ ಜೀವಿಗಳು ಅನೇಕವಿವೆ. ಇವುಗಳ ಪರಿಚಯವಿರುವ ರಕ್ತಕಣಗಳೂ ಸ್ವಲ್ಪ ಸದ್ದು ಮಾಡಬಹುದು. ಎರಡನ್ನೂ ಹೋಲಿಸಿ ನೋಡಿದರೆ ನಿಜವಾದ ರೋಗವೂ ಬರಿಯ ನಂಟಿನ ಸದ್ದೂ ಬಹುಮಟ್ಟಿಗೆ ಬೇರ್ಪಡುವುವು.

ಇಲ್ಲಿ ಲಕ್ಷಿಸತಕ್ಕ ಸಂಗತಿಯೊಂದುಂಟು. ಡಂಗುರ ಹೊಡೆಯಬೇಕಾದರೆ ಕಣಗಳು ಜೀವಂತವಾಗಿರಬೇಕು. ಆದಕಾರಣ ರಕ್ತವನ್ನು ಮಂಜುಗಡ್ಡೆಯಲ್ಲಿ ಇಡಕೂಡದು, ಬಿಸಿಲಿಗೂ ಒಡ್ಡಕೂಡದು. ಆದಷ್ಟು ಬೇಗ ಪ್ರಯೋಗಶಾಲೆಗೆ ಮುಟ್ಟಿಸಬೇಕು. ದೂರದ ಹಳ್ಳಿಗಳಲ್ಲಿ ಈ ಪರೀಕ್ಷೆಗೆ ಇರುವ ದೊಡ್ಡ ಅಡಚಣೆಯು ಇದೇ. ವೆಚ್ಚವೂ ಚರ್ಮದ ಪರೀಕ್ಷೆಗಿಂತ ಅಧಿಕ.

ಪರೀಕ್ಷೆಯ ಮಾತನ್ನು ಎಷ್ಟು ನಂಬಬೇಕು

ಈ ಪರೀಕ್ಷೆಯು ಚರ್ಮದ ಪರೀಕ್ಷೆಗೆ ಸಿಕ್ಕದ ಕೆಲವು ರೋಗಿಷ್ಠ ರಾಸುಗಳನ್ನು, ಅದೂ ಸೋಂಕಿನ ಆರಂಭದಲ್ಲಿಯೇ, ಹಿಡಿಯಬಲ್ಲುದು. ಆದರೆ ಆರೋಗ್ಯವಾದ ಕೆಲವು ರಾಸುಗಳನ್ನೂ ತಪ್ಪಾಗಿ ತೋರಿಸುವುದು. ರೋಗವು ತೀರ ಬಲಿತ ರಾಸಿನ ಕಣಗಳು ಸೋತು ಮೌನವಾಗುವುದೂ ಉಂಟು.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುವುದು. ಪರೀಕ್ಷೆಯು ಹತ್ತು ರೋಗಿಷ್ಠ ರಾಸುಗಳಲ್ಲಿ ಒಂಬತ್ತನ್ನು ಹಿಡಿಯುವುದೆಂದೂ, ನೂರು ಆರೋಗ್ಯವಾದ ರಾಸುಗಳಲ್ಲಿ ಮೂರನ್ನು ತಪ್ಪಾಗಿ ತೋರಿಸುವುದೆಂದೂ ಇಟ್ಟುಕೊಳ್ಳೋಣ. 1000 ರಾಸುಗಳಿರುವ ಹೋಬಳಿಯೊಂದರಲ್ಲಿ 10ಕ್ಕೆ ಮಾತ್ರ ರೋಗವಿದ್ದರೆ, ಪರೀಕ್ಷೆಯು ಆ ಹತ್ತರಲ್ಲಿ 9ನ್ನೂ, ರೋಗವಿಲ್ಲದ 990ರಲ್ಲಿ ಸುಮಾರು 30ನ್ನೂ ತೋರಿಸುವುದು. ತೋರಿಸಿದ 39ರಲ್ಲಿ 30 ನಿರಪರಾಧಿಗಳು. ಅದೇ ಪರೀಕ್ಷೆಯನ್ನು 40 ರೋಗಿಷ್ಠ ರಾಸುಗಳಿರುವ 100ರ ಮಂದೆಯಲ್ಲಿ ನಡೆಸಿದರೆ, ತೋರಿಸಿದ ಸುಮಾರು 38ರಲ್ಲಿ 36 ನಿಜವಾದ ರೋಗಿಗಳು. ಪರೀಕ್ಷೆಯು ಒಂದೇ, ಮಂದೆಯು ಬೇರೆಯಾದುದರಿಂದ ಅದರ ಮಾತಿನ ತೂಕವೂ ಬೇರೆಯಾಯಿತು. ಆದಕಾರಣ ಚರ್ಮದ ಪರೀಕ್ಷೆಯಿಂದ ರೋಗವಿದೆಯೆಂದು ಗೊತ್ತಾದ ಮಂದೆಗಳಲ್ಲಿ ಉಳಿದ ರೋಗಿಗಳನ್ನು ಆರಿಸಿ ತೆಗೆಯಲು ಇದನ್ನು ಬಳಸುವುದು ಅನೇಕ ದೇಶಗಳ ಪದ್ಧತಿ.

ಇದೇ ತತ್ತ್ವದ ಪರೀಕ್ಷೆಯು ಮನುಷ್ಯರ ಉಪಯೋಗಕ್ಕೂ ಬಂದಿತು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ 2001ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಕೊಟ್ಟಿಗೆಗಾಗಿ ನಡೆದ ಸಂಶೋಧನೆಯು ಆಸ್ಪತ್ರೆಗೂ ನೆರವಾದುದಕ್ಕೆ ಇದೊಂದು ನಿದರ್ಶನ.

ಅರಿತ ಮೇಲೆ ಮಾಡತಕ್ಕದ್ದು

ಆಸ್ಟ್ರೇಲಿಯಾವು 1997ರಲ್ಲಿ ರಾಸುಗಳ ಕ್ಷಯದಿಂದ ಮುಕ್ತವಾಯಿತೆಂದು ಘೋಷಿತವಾಯಿತು. ಆದರೆ ಅದು ಪರೀಕ್ಷೆಯೊಂದರಿಂದಲೇ ಆದುದಲ್ಲ. ರೋಗವಿದ್ದ ರಾಸುಗಳನ್ನು ಅಲ್ಲಿ ವಧಿಸುತ್ತಿದ್ದರು. ಮಾಲೀಕರಿಗೆ ಪರಿಹಾರವೂ ಸಿಕ್ಕುತ್ತಿತ್ತು. ರಾಸುಗಳ ಸಾಗಾಟಕ್ಕೆ ಕಟ್ಟುನಿಟ್ಟಿತ್ತು. ನಮ್ಮ ದೇಶದ ಬಹುತೇಕ ರಾಜ್ಯಗಳಲ್ಲಿ ಗೋವಧೆಗೆ ಕಾನೂನಿನ ನಿರ್ಬಂಧವಿರುವುದರಿಂದ ಆ ಮಾರ್ಗವು ಇಲ್ಲಿಗೆ ಒಗ್ಗದು. ಹೀಗಿರುವಲ್ಲಿ ರೋಗವು ತಿಳಿದೊಡನೆ ರಾಸನ್ನು ಸಂತೆಗೋ, ಘಾಟಿ ಸುಬ್ರಹ್ಮಣ್ಯದಂತಹ ದನಗಳ ಜಾತ್ರೆಗೋ ಹೊಡೆದುಕೊಂಡು ಹೋಗಿ ಮಾರುವ ಆಸೆಯು ಹುಟ್ಟುವುದು ಸಹಜ. ಅದು ತನ್ನ ಮನೆಯ ಬೆಂಕಿಯನ್ನು ನೆರೆಯವನ ಬಣವೆಗೆ ಹಾಕಿದಂತೆ. ಮಾರಿದವನ ಕೊಟ್ಟಿಗೆಯಲ್ಲಿಯೂ ಸೋಂಕು ಉಳಿದಿರಬಹುದಾದುದರಿಂದ ಅವನಿಗೂ ಅದರಿಂದ ಕ್ಷೇಮವಿಲ್ಲ.

ಊರಿನ ಮುಖಂಡರೂ ಜಮೀನುದಾರರೂ ಈ ಕೆಳಗಿನ ವಿಷಯಗಳನ್ನು ತಾವು ಆಚರಿಸಿ, ಇತರರಿಂದಲೂ ಆಚರಿಸುವಂತೆ ಮಾಡತಕ್ಕದ್ದು:

1. ಹೊಸದಾಗಿ ಕೊಂಡ ರಾಸನ್ನು ನೇರವಾಗಿ ಮಂದೆಗೆ ಸೇರಿಸಕೂಡದು. ಬೇರೆ ಕಟ್ಟಿ, ಪಶುವೈದ್ಯರಿಂದ ಚರ್ಮದ ಪರೀಕ್ಷೆಯನ್ನು ಮಾಡಿಸಿದ ಮೇಲೆ ಸೇರಿಸಬೇಕು.

2. ಬಹುಕಾಲದ ಕೆಮ್ಮು, ಕಾರಣವಿಲ್ಲದ ಸೊರಗು ಕಂಡ ರಾಸಿನ ವಿಷಯವನ್ನು ಪಶುಚಿಕಿತ್ಸಾಲಯಕ್ಕೆ ತಿಳಿಸಬೇಕು. ರಕ್ತಪರೀಕ್ಷೆಯು ಅವಶ್ಯವೋ ಅಲ್ಲವೋ ಎಂಬುದನ್ನು ಪಶುವೈದ್ಯರು ಗೊತ್ತುಮಾಡುವರು.

3. ರೋಗ ಕಂಡ ರಾಸನ್ನು ಪ್ರತ್ಯೇಕವಾಗಿ ಕಟ್ಟಿ, ಅದರ ನೀರಿನ ತೊಟ್ಟಿ, ಮೇವಿನ ಗೋದಲಿಗಳನ್ನು ಬೇರೆಮಾಡಬೇಕು. ಅದರ ಹಾಲನ್ನು ಮಾರಕೂಡದು. ಕರುವಿಗೆ ಆರೋಗ್ಯವಾದ ಹಸುವಿನ ಹಾಲನ್ನು ಕುಡಿಸಬೇಕು.

4. ಕೊಟ್ಟಿಗೆಗೆ ಗಾಳಿಬೆಳಕುಗಳು ಧಾರಾಳವಾಗಿ ಬರುವಂತೆ ಕಿಟಕಿಗಳನ್ನು ಬಿಡಿಸಬೇಕು.

5. ನೊರೆಹಾಲು ಬಲವರ್ಧಕವೆಂಬ ನಂಬಿಕೆಯಿಂದ ಮಕ್ಕಳಿಗೆ ಹಸಿಹಾಲನ್ನು ಕುಡಿಸಕೂಡದು. ಚೆನ್ನಾಗಿ ಕಾಯಿಸಿದ ಹಾಲಿನಲ್ಲಿ ಕ್ಷಯಾಣುವು ಬದುಕಲಾರದು. ಮೊಸರು, ಬೆಣ್ಣೆಗಳನ್ನೂ ಕಾಯಿಸಿದ ಹಾಲಿನಿಂದಲೇ ಮಾಡಬೇಕು.

6. ಕ್ಷಯರೋಗಿಯು ಗುಣವಾಗುವ ತನಕ ದನಗಳ ಆರೈಕೆಯನ್ನು ಮಾಡಕೂಡದು. ಮನುಷ್ಯರಿಂದ ರಾಸುಗಳಿಗೂ ರೋಗವು ಅಂಟುವುದುಂಟು. ಕೊಟ್ಟಿಗೆಯಲ್ಲಿ ಕ್ಷಯವಿದ್ದರೆ ಆ ಸಂಗತಿಯನ್ನು ಮನೆಯ ರೋಗಿಯ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಏಕೆಂದರೆ ಮನುಷ್ಯರ ಕ್ಷಯಕ್ಕೆ ಕೊಡುವ ಔಷಧಗಳಲ್ಲಿ ಒಂದಾದ ಪಿರಜಿನಮೈಡ್ ಎಂಬುದು ಬೋವಿಸ್ ಜಾತಿಯ ಸೂಕ್ಷ್ಮಜೀವಿಗೆ ನಾಟುವುದಿಲ್ಲ.

ರಕ್ತಕಣಗಳು ಡಂಗುರ ಹೊಡೆಯುವುದು ಶರೀರದೊಳಗೆ. ಅದನ್ನು ಹೊರಗೆ ಕೇಳಿಸುವ ಉಪಾಯವನ್ನು ವಿಜ್ಞಾನವು ಒದಗಿಸಿದೆ. ಕೇಳಿದ ಮೇಲೆ ಹೊರಬಂದು ಕೆಲಸಮಾಡುವುದು ಊರಿನವರಿಗೆ ಸೇರಿದ್ದು.