ಕುದುರೆ ಸವಾರರ ಶಿಬಿರತಾಣ

ಕುದುರೆ ಸವಾರರ ಶಿಬಿರತಾಣ ಎಂದರೆ ಸವಾರರು ತಮ್ಮ ಕುದುರೆಗಳೊಂದಿಗೆ ಬಂದು ತಂಗಲು, ಅಲ್ಲಿಂದ ಕಾಡು ಮತ್ತು ಬೆಟ್ಟಗಳ ಹಾದಿಗಳಲ್ಲಿ ಸವಾರಿ ಹೊರಡಲು ಅನುಕೂಲವಾಗುವಂತೆ ರೂಪಿಸಿದ ಸ್ಥಳ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು 'ಹಾರ್ಸ್ ಕ್ಯಾಂಪ್' ಎಂಬ ಹೆಸರಿನಿಂದ ಪರಿಚಿತವಾಗಿದೆ. ಸಾಮಾನ್ಯ ಶಿಬಿರತಾಣದಲ್ಲಿ ಮನುಷ್ಯರಿಗೆ ಬೇಕಾದ ಸೌಕರ್ಯಗಳಿದ್ದರೆ ಸಾಕು. ಇಲ್ಲಿ ಕುದುರೆಗೆ ಲಾಯ, ನೀರು, ಮೇವು, ಲದ್ದಿಯ ವಿಲೇವಾರಿ ಮತ್ತು ಉದ್ದನೆಯ ಸಾಗಣೆ ಗಾಡಿಗಳನ್ನು ನಿಲ್ಲಿಸುವ ಜಾಗವೂ ಇರಬೇಕಾಗುತ್ತದೆ. ದೇಶದ ಪೂರ್ವಭಾಗದ ಅಪಲೇಶಿಯನ್ ಪರ್ವತಗಳಲ್ಲಿಯೂ ಪಶ್ಚಿಮದ ರಾಕಿ ಪರ್ವತಗಳಲ್ಲಿಯೂ ಇಂತಹ ತಾಣಗಳಿವೆ. ಕೆಲವನ್ನು ಸರ್ಕಾರಿ ಅರಣ್ಯ ಮತ್ತು ಉದ್ಯಾನ ಇಲಾಖೆಗಳು ನಡೆಸುತ್ತವೆ. ಇನ್ನುಳಿದವು ಖಾಸಗಿ ತಾಣಗಳು. ಸಾರ್ವಜನಿಕ ಅರಣ್ಯದ ಅಂಚಿನಲ್ಲಿರುವ ಸ್ವಂತ ಜಮೀನಿನಲ್ಲಿ ಒಂದೇ ಕುಟುಂಬದವರು ಇವುಗಳನ್ನು ನಡೆಸಿಕೊಂಡು ಬರುವುದು ಸಾಮಾನ್ಯ.

ಹಿನ್ನೆಲೆ

ಅಮೆರಿಕದಲ್ಲಿ ಕುದುರೆ ಸವಾರಿಯನ್ನು ಆಧರಿಸಿದ ಪ್ರವಾಸೋದ್ಯಮ ಆರಂಭವಾದದ್ದು 'ಡ್ಯೂಡ್ ರಾಂಚ್' ಎಂಬ ಅತಿಥಿ ಪಶುಪಾಲನಾ ಕ್ಷೇತ್ರಗಳಿಂದ. 1880ರ ದಶಕದಲ್ಲಿ ಡಕೋಟ ಪ್ರಾಂತ್ಯದಲ್ಲಿ ಈಟನ್ ಸಹೋದರರು ಇಂತಹ ಕ್ಷೇತ್ರವೊಂದನ್ನು ನಡೆಸುತ್ತಿದ್ದರು. 1904ರಲ್ಲಿ ಅವರು ಅದನ್ನು ವಯೋಮಿಂಗ್‌ಗೆ ಸ್ಥಳಾಂತರಿಸಿದರು. 1926ರಲ್ಲಿ ಇಂತಹ ಕ್ಷೇತ್ರಗಳ ಮಾಲೀಕರ ಸಂಘವೂ ಸ್ಥಾಪನೆಯಾಯಿತು. ಅಲ್ಲಿ ಕುದುರೆ, ಊಟ ಮತ್ತು ವಸತಿ ಎಲ್ಲವೂ ಮಾಲೀಕನವೇ. ಅತಿಥಿ ಬರಿಗೈಯಲ್ಲಿ ಬಂದರೆ ಸಾಕು.

ಶಿಬಿರತಾಣದ ಕ್ರಮ ಇದಕ್ಕಿಂತ ಭಿನ್ನವಾದುದು. ಇಲ್ಲಿ ಸವಾರನು ತಾನು ಸಾಕಿದ ಕುದುರೆಯನ್ನೇ ಕರೆತರುತ್ತಾನೆ. ಈ ಪದ್ಧತಿ ಬೆಳೆಯಲು ಮೂರು ಬೆಳವಣಿಗೆಗಳು ನೆರವಾದವು. ಮೊದಲನೆಯದಾಗಿ, 1956ರ ಹೆದ್ದಾರಿ ಕಾಯಿದೆಯಿಂದ ಅಂತರರಾಜ್ಯ ರಸ್ತೆಗಳ ಜಾಲ ವಿಸ್ತರಿಸಿತು. ಎರಡನೆಯದಾಗಿ, ಪಿಕಪ್ ವಾಹನಕ್ಕೆ ಜೋಡಿಸಿ ಎಳೆಯಬಹುದಾದ ಕುದುರೆ ಟ್ರೇಲರ್‌ಗಳು ಸಾಮಾನ್ಯ ಕುಟುಂಬಗಳಿಗೂ ಎಟಕುವಂತಾದವು. ಮೂರನೆಯದಾಗಿ, 1968ರ ರಾಷ್ಟ್ರೀಯ ಮಾರ್ಗಗಳ ಕಾಯಿದೆಯ ನಂತರ ದೂರದ ಹಾದಿಗಳ ಬಗ್ಗೆ ಜನರ ಆಸಕ್ತಿ ಹೆಚ್ಚಿತು. ಆ ಕಾಯಿದೆಯಡಿ ಮೊದಲಿಗೆ ಗುರುತಿಸಲಾದ ಎರಡು ಮಾರ್ಗಗಳಲ್ಲಿ ಪೆಸಿಫಿಕ್ ಕ್ರೆಸ್ಟ್ ಮಾರ್ಗ ಸವಾರರಿಗೂ ತೆರೆದಿದೆ. ಅಪಲೇಶಿಯನ್ ಮಾರ್ಗದ ಬಹುಭಾಗ ಕಾಲ್ನಡಿಗೆಯವರಿಗೆ ಮಾತ್ರ ಮೀಸಲಾಗಿದೆ. ಆದ್ದರಿಂದ ಪೂರ್ವದ ಪರ್ವತಗಳಲ್ಲಿ ಸವಾರರಿಗೆ ಪ್ರತ್ಯೇಕ ಹಾದಿಗಳೂ ಅವುಗಳ ಬಳಿ ತಂಗುದಾಣಗಳೂ ಅಗತ್ಯವಾದವು.

ಪ್ರಮುಖ ಪ್ರದೇಶಗಳು

ಉತ್ತರ ಕೆರೊಲಿನ ಮತ್ತು ಟೆನೆಸಿ ರಾಜ್ಯಗಳ ಗಡಿಯಲ್ಲಿರುವ ಗ್ರೇಟ್ ಸ್ಮೋಕಿ ಪರ್ವತ ರಾಷ್ಟ್ರೀಯ ಉದ್ಯಾನದಲ್ಲಿ ಸುಮಾರು 885 ಕಿ.ಮೀ. ಹಾದಿಗಳಲ್ಲಿ ಕುದುರೆ ಸವಾರಿಗೆ ಅನುಮತಿಯಿದೆ. ವಾಹನದಲ್ಲಿ ತಲುಪಬಹುದಾದ ಐದು ಕುದುರೆ ಶಿಬಿರಗಳನ್ನು ಉದ್ಯಾನವು ರೂಪಿಸಿದೆ: ಆಂತೊನಿ ಕ್ರೀಕ್, ಬಿಗ್ ಕ್ರೀಕ್, ಕ್ಯಾಟಲೂಚಿ, ರೌಂಡ್ ಬಾಟಮ್ ಮತ್ತು ಟೋ ಸ್ಟ್ರಿಂಗ್. ವರ್ಜೀನಿಯದಲ್ಲಿ 1966ರಲ್ಲಿ ಸ್ಥಾಪನೆಯಾದ ಮೌಂಟ್ ರಾಜರ್ಸ್ ರಾಷ್ಟ್ರೀಯ ವಿಹಾರ ಪ್ರದೇಶದ ಮೂಲಕ ಸುಮಾರು 110 ಕಿ.ಮೀ. ಉದ್ದದ ವರ್ಜೀನಿಯ ಹೈಲ್ಯಾಂಡ್ಸ್ ಕುದುರೆ ಮಾರ್ಗ ಸಾಗುತ್ತದೆ. ಇದಕ್ಕೆ ಹೊಂದಿಕೊಂಡಿರುವ ಗ್ರೇಸನ್ ಹೈಲ್ಯಾಂಡ್ಸ್ ರಾಜ್ಯ ಉದ್ಯಾನದ ಸವಾರರ ಶಿಬಿರದಲ್ಲಿ ಲಾಯಗಳೂ ಇವೆ. ಟೆನೆಸಿ ಮತ್ತು ಕೆಂಟಕಿಗಳಲ್ಲಿ ಹರಡಿರುವ ಬಿಗ್ ಸೌತ್ ಫೋರ್ಕ್ ಪ್ರದೇಶವೂ ಸವಾರರಲ್ಲಿ ಜನಪ್ರಿಯವಾಗಿದ್ದು, ಅದರ ಸುತ್ತಲೂ ಹಲವು ಖಾಸಗಿ ತಾಣಗಳಿವೆ.

ಖಾಸಗಿ ತಾಣದ ಬೆಲೆ ಅದರ ಸ್ವಂತ ವಿಸ್ತೀರ್ಣಕ್ಕಿಂತ ಹೆಚ್ಚಾಗಿ ಅದರ ಗಡಿಯನ್ನು ಅವಲಂಬಿಸಿದೆ. ಬೇಲಿಯ ಬಾಗಿಲು ದಾಟಿದ ಕೂಡಲೇ ಸಾರ್ವಜನಿಕ ಅರಣ್ಯದ ಹಾದಿ ಸಿಗುವಂತಿದ್ದರೆ ಕೆಲವೇ ಎಕರೆಗಳ ಜಮೀನೂ ಸವಾರರಿಗೆ ನೂರಾರು ಕಿ.ಮೀ. ದಾರಿಯನ್ನು ಒದಗಿಸಬಲ್ಲದು. ಆ ಹಾದಿ ಮುಚ್ಚಿಹೋದರೆ ತಾಣದ ಆದಾಯದ ಮೂಲವೇ ಕಡಿದುಹೋಗುತ್ತದೆ.

ವಿನ್ಯಾಸ

ಬೆಟ್ಟದ ಇಳಿಜಾರಿನಲ್ಲಿ ಸಮತಟ್ಟಾದ ನೆಲ ವಿರಳ. ಪಿಕಪ್ ಮತ್ತು ಟ್ರೇಲರ್ ಸೇರಿದರೆ ಹತ್ತು ಮೀಟರ್‌ಗೂ ಮೀರಿದ ಉದ್ದವಾಗುವುದರಿಂದ ಇಂತಹ ವಾಹನವನ್ನು ಕಿರಿದಾದ ದಾರಿಯಲ್ಲಿ ಹಿಂದಕ್ಕೆ ಸರಿಸುವುದು ಕಷ್ಟ. ಹೀಗಾಗಿ ಒಂದು ಬದಿಯಿಂದ ಒಳಹೊಕ್ಕು ಮತ್ತೊಂದು ಬದಿಯಿಂದ ಹೊರಬರುವಂತಹ ನಿಲುಗಡೆಗಳನ್ನು ಉತ್ತಮವೆಂದು ಪರಿಗಣಿಸಲಾಗುತ್ತದೆ. ಕೆಲವು ಟ್ರೇಲರ್‌ಗಳ ಮುಂಭಾಗದಲ್ಲಿ ಮಲಗುವ ಕೋಣೆ ಮತ್ತು ಅಡುಗೆಮನೆಯೂ ಇರುವುದರಿಂದ ನಿಲುಗಡೆಯಲ್ಲೇ ನೀರು ಮತ್ತು ವಿದ್ಯುತ್ ಸಂಪರ್ಕ ನೀಡಲಾಗುತ್ತದೆ.

ಕುದುರೆಯನ್ನು ಇರಿಸಲು ನಾಲ್ಕು ವಿಧಾನಗಳು ರೂಢಿಯಲ್ಲಿವೆ:

• ಲಾಯ: ಸೂರಿನಡಿಯ ಪ್ರತ್ಯೇಕ ಕೋಣೆಗಳು. ಮಳೆ ಹೆಚ್ಚಿರುವ ಅಪಲೇಶಿಯನ್ ಪ್ರದೇಶದಲ್ಲಿ ಇವಕ್ಕೆ ಬೇಡಿಕೆ ಹೆಚ್ಚು.
• ದೊಡ್ಡಿ: ಉಕ್ಕಿನ ಕೊಳವೆ ಅಥವಾ ಮರದ ಬೇಲಿಯ ತೆರೆದ ಆವರಣ.
• ಎತ್ತರದ ಹಗ್ಗ: ಎರಡು ಮರ ಅಥವಾ ಕಂಬಗಳ ನಡುವೆ ಕುದುರೆಯ ತಲೆಗಿಂತ ಮೇಲೆ, ಸುಮಾರು ಎರಡು ಮೀಟರ್ ಎತ್ತರದಲ್ಲಿ ಬಿಗಿದ ಹಗ್ಗ. ಕುದುರೆಯನ್ನು ಇದಕ್ಕೆ ಕಟ್ಟುತ್ತಾರೆ.
• ವಿದ್ಯುತ್ ಬೇಲಿ: ಬ್ಯಾಟರಿಯಿಂದ ನಡೆಯುವ, ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಹಗುರ ಬೇಲಿ.

ಕುದುರೆಯನ್ನು ನೇರವಾಗಿ ಮರದ ಬುಡಕ್ಕೆ ಕಟ್ಟಿ ರಾತ್ರಿಯಿಡೀ ಬಿಡುವುದನ್ನು ಬಹುತೇಕ ತಾಣಗಳು ನಿಷೇಧಿಸಿವೆ. ಬೇಸರಗೊಂಡ ಕುದುರೆ ಗೊರಸಿನಿಂದ ನೆಲವನ್ನು ಕೆದಕಿ ಬೇರುಗಳನ್ನು ಬಯಲಿಗೆ ತರುತ್ತದೆ, ತೊಗಟೆಯನ್ನೂ ಕಡಿಯುತ್ತದೆ. ತೊಗಟೆ ಸುತ್ತಲೂ ಕಿತ್ತುಹೋದರೆ ಮರ ಒಣಗುತ್ತದೆ. ಎತ್ತರದ ಹಗ್ಗವನ್ನು ಬಿಗಿಯುವಾಗಲೂ ಮರಕ್ಕೆ ಅಗಲವಾದ ಪಟ್ಟಿಯನ್ನು ಸುತ್ತಿ, ಅದಕ್ಕೆ ಹಗ್ಗವನ್ನು ಸೇರಿಸಬೇಕೆಂಬ ನಿಯಮವಿದೆ.

ಮೇವು, ನೀರು ಮತ್ತು ಲದ್ದಿ

ಸುಮಾರು 450 ಕೆ.ಜಿ. ತೂಕದ ಕುದುರೆಯೊಂದು ದಿನಕ್ಕೆ ತನ್ನ ತೂಕದ ಶೇಕಡಾ 1.5ರಿಂದ 2ರಷ್ಟು, ಅಂದರೆ ಏಳರಿಂದ ಒಂಬತ್ತು ಕೆ.ಜಿ. ಒಣ ಮೇವನ್ನು ತಿನ್ನುತ್ತದೆ. ಹವೆ ಮತ್ತು ದುಡಿಮೆಗೆ ಅನುಗುಣವಾಗಿ 20ರಿಂದ 45 ಲೀಟರ್ ನೀರು ಕುಡಿಯುತ್ತದೆ. ಪ್ರಯಾಣದ ಆಯಾಸದಿಂದಲೋ ನೀರಿನ ರುಚಿ ಬೇರೆಯಾದುದರಿಂದಲೋ ಕೆಲವು ಕುದುರೆಗಳು ಹೊಸ ಜಾಗದಲ್ಲಿ ನೀರು ಕುಡಿಯಲು ಹಿಂಜರಿಯುತ್ತವೆ. ನೀರು ಕಡಿಮೆಯಾದರೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ಹೊಟ್ಟೆಶೂಲೆ ಉಂಟಾಗಬಹುದು. ಕುದುರೆಗೆ ವಾಂತಿ ಮಾಡುವ ಸಾಮರ್ಥ್ಯ ಇಲ್ಲವೆಂದೇ ಹೇಳಬಹುದಾದ್ದರಿಂದ ಹೊಟ್ಟೆಶೂಲೆ ಪ್ರಾಣಾಪಾಯಕಾರಿ. ಪಶುವೈದ್ಯರು ದೂರವಿರುವ ಬೆಟ್ಟಪ್ರದೇಶದಲ್ಲಿ ಈ ಅಪಾಯ ಇನ್ನೂ ಹೆಚ್ಚು.

ತಾಣದ ಸುತ್ತಲಿನ ಗಿಡಮರಗಳ ಬಗೆಗೂ ಎಚ್ಚರ ಅಗತ್ಯ. ಅಪಲೇಶಿಯನ್ ಕಾಡುಗಳಲ್ಲಿ ಸಾಮಾನ್ಯವಾದ ಕೆಂಪು ಮೇಪಲ್ ಮರದ ಬಾಡಿದ ಎಲೆಗಳು ಕುದುರೆಯ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಕಾಡು ಚೆರ್ರಿಯ ಬಾಡಿದ ಎಲೆಗಳಿಂದ ಸಯನೈಡ್ ವಿಷವುಂಟಾಗುತ್ತದೆ. ಬಿರುಗಾಳಿಯ ನಂತರ ದೊಡ್ಡಿಯೊಳಗೆ ಬಿದ್ದ ಕೊಂಬೆಗಳನ್ನು ಕೂಡಲೇ ತೆಗೆಯುವುದು ಈ ಕಾರಣಕ್ಕಾಗಿ.

ಪಶ್ಚಿಮ ರಾಜ್ಯಗಳ ಅನೇಕ ರಾಷ್ಟ್ರೀಯ ಅರಣ್ಯಗಳಲ್ಲಿ ಕಳೆಬೀಜರಹಿತವೆಂದು ಪ್ರಮಾಣೀಕರಿಸಿದ ಮೇವನ್ನು ಮಾತ್ರ ಒಯ್ಯಬಹುದು. ಕುದುರೆ ತಿಂದ ಕಳೆಬೀಜಗಳಲ್ಲಿ ಕೆಲವು ಜೀರ್ಣವಾಗದೆ ಲದ್ದಿಯೊಂದಿಗೆ ಹೊರಬಿದ್ದು ಕಾಡಿನಲ್ಲಿ ಮೊಳೆಯುವುದೇ ಈ ನಿಯಮಕ್ಕೆ ಕಾರಣ. ಕರಡಿಗಳಿರುವ ಪ್ರದೇಶದಲ್ಲಿ ಮನುಷ್ಯರ ಆಹಾರದಂತೆ ಕುದುರೆಯ ದಾಣಿಯನ್ನೂ ಭದ್ರವಾಗಿ ಮುಚ್ಚಿಡಬೇಕಾಗುತ್ತದೆ.

ಒಂದು ಕುದುರೆ ದಿನಕ್ಕೆ ಮೂತ್ರವೂ ಸೇರಿ ಸುಮಾರು 20 ಕೆ.ಜಿ.ಗೂ ಹೆಚ್ಚು ತ್ಯಾಜ್ಯವನ್ನು ಹೊರಹಾಕುತ್ತದೆ. ಇಪ್ಪತ್ತು ಕುದುರೆಗಳು ಮೂರು ದಿನ ತಂಗಿದರೆ ಇದು ಒಂದು ಟನ್ನನ್ನು ಮೀರುತ್ತದೆ. ಆದ್ದರಿಂದ ಲದ್ದಿಯ ಗುಂಡಿಯನ್ನು ತೊರೆ ಮತ್ತು ಬಾವಿಗಳಿಂದ ದೂರದಲ್ಲಿ ನಿರ್ಮಿಸಿ ಗೊಬ್ಬರ ಮಾಡಲಾಗುತ್ತದೆ. ಹೊರಡುವ ಮುನ್ನ ತಾನಿದ್ದ ಜಾಗವನ್ನು ಗುಡಿಸಿ ಲದ್ದಿಯನ್ನು ಗುಂಡಿಗೆ ಹಾಕುವುದು ಸವಾರನ ಹೊಣೆ.

ಆರೋಗ್ಯ ನಿಯಮಗಳು

ಬೇರೆ ಬೇರೆ ರಾಜ್ಯಗಳ ಕುದುರೆಗಳು ಒಂದೆಡೆ ಸೇರುವುದರಿಂದ ಸೋಂಕು ಹರಡುವ ಸಂಭವವಿದೆ. ಮುಖ್ಯವಾದ ತಪಾಸಣೆ 'ಕಾಗಿನ್ಸ್ ಪರೀಕ್ಷೆ'. ಇದನ್ನು 1970ರ ದಶಕದ ಆರಂಭದಲ್ಲಿ ಪಶುವೈದ್ಯ ವಿಜ್ಞಾನಿ ಲೆರಾಯ್ ಕಾಗಿನ್ಸ್ ರೂಪಿಸಿದರು. ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆಯ ವೈರಸ್ಸಿನ ವಿರುದ್ಧ ರಕ್ತದಲ್ಲಿ ಪ್ರತಿಕಾಯಗಳಿವೆಯೇ ಎಂಬುದನ್ನು ಇದು ತಿಳಿಸುತ್ತದೆ. ರಕ್ತ ಹೀರುವ ದೊಡ್ಡ ನೊಣಗಳಿಂದ ಹರಡುವ ಈ ರೋಗಕ್ಕೆ ಅಮೆರಿಕದಲ್ಲಿ ಲಸಿಕೆಯಾಗಲಿ ಚಿಕಿತ್ಸೆಯಾಗಲಿ ಇಲ್ಲ. ಸೋಂಕು ದೃಢಪಟ್ಟ ಕುದುರೆಯನ್ನು ಜೀವನಪೂರ್ತಿ ಇತರ ಕುದುರೆಗಳಿಂದ ಸುಮಾರು 180 ಮೀಟರ್ ದೂರದಲ್ಲಿ ಪ್ರತ್ಯೇಕವಾಗಿರಿಸಬೇಕು, ಇಲ್ಲವೇ ದಯಾಮರಣಕ್ಕೆ ಒಳಪಡಿಸಬೇಕು. ಆದ್ದರಿಂದ ಪರೀಕ್ಷೆಯ ಪ್ರಮಾಣಪತ್ರವಿಲ್ಲದ ಕುದುರೆಯನ್ನು ಗಾಡಿಯಿಂದ ಇಳಿಸಲೂ ಅನೇಕ ತಾಣಗಳು ಬಿಡುವುದಿಲ್ಲ.

ಕುಟುಂಬ ನಿರ್ವಹಣೆ ಮತ್ತು ಕಾನೂನು

ಕುಟುಂಬ ತಾಣಗಳಲ್ಲಿ ಕಾಯ್ದಿರಿಸುವಿಕೆ, ಲಾಯದ ಶುಚಿ, ಬೇಲಿಯ ದುರಸ್ತಿ, ಹುಲ್ಲಿನ ಸಂಗ್ರಹ, ದಾರಿಗೆ ಅಡ್ಡಬಿದ್ದ ಮರಗಳನ್ನು ಕಡಿಯುವುದು ಮುಂತಾದ ಕೆಲಸಗಳನ್ನು ಮನೆಯವರೇ ಹಂಚಿಕೊಳ್ಳುತ್ತಾರೆ. ಅಪಲೇಶಿಯನ್ ಪ್ರದೇಶದಲ್ಲಿ ಋತು ಸಾಮಾನ್ಯವಾಗಿ ವಸಂತದಿಂದ ಶರತ್ಕಾಲದ ಕೊನೆಯವರೆಗೆ ಇರುತ್ತದೆ. ಎಲೆಗಳು ಬಣ್ಣ ಬದಲಿಸುವ ಅಕ್ಟೋಬರ್ ತಿಂಗಳಲ್ಲಿ ಜನಸಂದಣಿ ಹೆಚ್ಚು. ವರ್ಷದ ಕೆಲವೇ ತಿಂಗಳ ಗಳಿಕೆಯಲ್ಲಿ ಇಡೀ ವರ್ಷದ ತೆರಿಗೆ ಮತ್ತು ವಿಮೆಯ ವೆಚ್ಚವನ್ನು ಭರಿಸಬೇಕಾಗುತ್ತದೆ.

ಕುದುರೆಯಿಂದ ಬಿದ್ದವರು ಹೂಡುವ ಪರಿಹಾರದ ದಾವೆಗಳು ಇಂತಹ ಸಣ್ಣ ಉದ್ಯಮಗಳಿಗೆ ದೊಡ್ಡ ಅಪಾಯ. 1980ರ ದಶಕದ ಕೊನೆಯಿಂದ ಅಮೆರಿಕದ ಬಹುತೇಕ ರಾಜ್ಯಗಳು ಕುದುರೆ ಚಟುವಟಿಕೆಗಳ ಹೊಣೆಗಾರಿಕೆ ಕಾಯಿದೆಗಳನ್ನು ಜಾರಿಗೆ ತಂದಿವೆ. ಸವಾರಿಯಲ್ಲಿ ಸಹಜವಾಗಿ ಅಡಕವಾಗಿರುವ ಅಪಾಯಗಳಿಗೆ ಮಾಲೀಕನು ಹೊಣೆಗಾರನಲ್ಲ ಎಂಬುದು ಇವುಗಳ ತಿರುಳು. ಅನೇಕ ರಾಜ್ಯಗಳಲ್ಲಿ ಈ ರಕ್ಷಣೆ ಪಡೆಯಲು ನಿಗದಿತ ಎಚ್ಚರಿಕೆಯ ಫಲಕವನ್ನು ಪ್ರದರ್ಶಿಸಬೇಕು. ಮಾಲೀಕನ ನಿರ್ಲಕ್ಷ್ಯದಿಂದಾದ ಹಾನಿಗೆ ಸಾಮಾನ್ಯವಾಗಿ ಈ ರಕ್ಷಣೆ ದೊರೆಯುವುದಿಲ್ಲ. ತಾಣದವರೇ ಶುಲ್ಕ ಪಡೆದು ಅತಿಥಿಗಳನ್ನು ರಾಷ್ಟ್ರೀಯ ಅರಣ್ಯದೊಳಗೆ ಸವಾರಿಗೆ ಕರೆದೊಯ್ಯುವುದಾದರೆ ಅರಣ್ಯ ಸೇವೆಯಿಂದ ವಿಶೇಷ ಪರವಾನಗಿ ಪಡೆಯಬೇಕು.

ಮಾಲೀಕರ ವೃದ್ಧಾಪ್ಯದಲ್ಲಿ ಉತ್ತರಾಧಿಕಾರದ ಪ್ರಶ್ನೆ ಎದುರಾಗುತ್ತದೆ. ಬೆಟ್ಟಪ್ರದೇಶದ ಜಮೀನಿಗೆ ವಿಹಾರಗೃಹ ಕಟ್ಟುವವರಿಂದ ಒಳ್ಳೆಯ ಬೆಲೆ ಬರುವಾಗ, ದುಡಿಮೆ ಹೆಚ್ಚು ಆದಾಯ ಕಡಿಮೆ ಇರುವ ತಾಣವನ್ನು ಉಳಿಸಿಕೊಳ್ಳುವುದು ವಾರಸುದಾರರಿಗೆ ಸುಲಭವಲ್ಲ. ಇದಕ್ಕೆ ಇರುವ ಒಂದು ದಾರಿ ಸಂರಕ್ಷಣಾ ಒಪ್ಪಂದ. ಇದರಲ್ಲಿ ಕುಟುಂಬವು ಜಮೀನಿನ ಮೇಲೆ ಮನೆಗಳನ್ನು ಕಟ್ಟುವ ಹಕ್ಕನ್ನು ಭೂಸಂರಕ್ಷಣಾ ಸಂಸ್ಥೆಗೆ ದಾನವಾಗಿ ಅಥವಾ ಮಾರಾಟದ ಮೂಲಕ ಬಿಟ್ಟುಕೊಡುತ್ತದೆ. ಒಡೆತನ ಕುಟುಂಬದಲ್ಲೇ ಉಳಿಯುತ್ತದೆ. ಒಪ್ಪಂದವು ಮುಂದಿನ ಒಡೆಯರಿಗೂ ಅನ್ವಯಿಸುವುದರಿಂದ ಅದನ್ನು ಮುಂದಿನ ಪೀಳಿಗೆ ರದ್ದುಪಡಿಸಲಾಗದು.

ಹಾದಿಗಳ ಬಳಕೆಯ ಬಗೆಗಿನ ವಿವಾದ

ಲಾಳ ಹಾಕಿದ ಗೊರಸಿನ ಸಣ್ಣ ಮೇಲ್ಮೈಯ ಮೇಲೆ ಬಹಳ ಭಾರ ಬೀಳುವುದರಿಂದ ಒದ್ದೆ ನೆಲದಲ್ಲಿ ಹಾದಿ ಬೇಗ ಹಾಳಾಗುತ್ತದೆ. ಮೊಂಟಾನದ ಪರ್ವತ ಹಾದಿಗಳ ಬಗ್ಗೆ 1994ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾಲ್ನಡಿಗೆ, ಬೈಸಿಕಲ್ ಮತ್ತು ಮೋಟರ್‌ಸೈಕಲ್‌ಗಳಿಗೆ ಹೋಲಿಸಿದರೆ ಕುದುರೆಯಿಂದಲೇ ಹೆಚ್ಚು ಮಣ್ಣು ಸಡಿಲಗೊಳ್ಳುತ್ತದೆಂದು ತೋರಿಸಿತು. ಇಂತಹ ಕಾರಣಗಳಿಂದ ಕೆಲವು ಹಾದಿಗಳನ್ನು ಸವಾರರಿಗೆ ಮುಚ್ಚಬೇಕೆಂಬ ವಾದವಿದೆ.

ಸವಾರರ ಸಂಘಟನೆಗಳು ಇದಕ್ಕೆ ಹಾದಿ ದುರಸ್ತಿಯ ಸೇವೆಯ ಮೂಲಕ ಉತ್ತರಿಸುತ್ತ ಬಂದಿವೆ. 1973ರಲ್ಲಿ ಮೊಂಟಾನದ ಫ್ಲಾಟ್‌ಹೆಡ್ ಕಣಿವೆಯಲ್ಲಿ ಆರಂಭವಾದ ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಸಂಘಟನೆ ಇವುಗಳಲ್ಲಿ ಪ್ರಮುಖವಾದುದು. 1964ರ ವನ್ಯಪ್ರದೇಶ ಕಾಯಿದೆಗೆ ಒಳಪಟ್ಟ ಕಾಡುಗಳಲ್ಲಿ ಯಾಂತ್ರಿಕ ವಾಹನಗಳಿಗೂ ಸಾಮಾನ್ಯವಾಗಿ ಯಂತ್ರಗರಗಸಗಳಿಗೂ ಅವಕಾಶವಿಲ್ಲ. ಅಲ್ಲಿಗೆ ಕೈಗರಗಸ, ಸೇತುವೆಯ ತೊಲೆ ಮತ್ತು ಕೆಲಸಗಾರರ ಆಹಾರವನ್ನು ಕುದುರೆ ಹಾಗೂ ಹೇಸರಗತ್ತೆಗಳೇ ಹೊತ್ತೊಯ್ಯುತ್ತವೆ. ಎಲ್ಲರೂ ಬಳಸುವ ಹಾದಿಗಳಲ್ಲಿ ಬೈಸಿಕಲ್ ಸವಾರರು ಇತರ ಎಲ್ಲರಿಗೂ, ಕಾಲ್ನಡಿಗೆಯವರು ಕುದುರೆಗಳಿಗೂ ದಾರಿ ಬಿಡಬೇಕೆಂಬ ಪದ್ಧತಿ ಬಳಕೆಯಲ್ಲಿದೆ.

ಹೆಲೀನ್ ಚಂಡಮಾರುತದ ಪರಿಣಾಮ

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತದ ಮಳೆಯಿಂದ ದಕ್ಷಿಣ ಅಪಲೇಶಿಯನ್ ಪ್ರದೇಶದಲ್ಲಿ ಭಾರಿ ಪ್ರವಾಹ ಮತ್ತು ಭೂಕುಸಿತಗಳು ಸಂಭವಿಸಿದವು. ಪಿಜನ್ ನದಿಯ ಕಮರಿಯಲ್ಲಿ 40ನೆಯ ಅಂತರರಾಜ್ಯ ಹೆದ್ದಾರಿಯ ಭಾಗಗಳು ಕೊಚ್ಚಿಹೋದವು. ಸವಾರರಿಗೂ ತೆರೆದಿದ್ದ, ಸುಮಾರು 55 ಕಿ.ಮೀ. ಉದ್ದದ ವರ್ಜೀನಿಯ ಕ್ರೀಪರ್ ಮಾರ್ಗದಲ್ಲಿ ಡಮಾಸ್ಕಸ್‌ನಿಂದ ವೈಟ್‌ಟಾಪ್‌ವರೆಗಿನ ಭಾಗ ನಾಶವಾಯಿತು. ಶರತ್ಕಾಲದ ಸವಾರಿಯ ಋತು ಆರಂಭವಾಗುವ ಹೊತ್ತಿಗೇ ಅನೇಕ ಅರಣ್ಯ ಹಾದಿಗಳು ಮುಚ್ಚಿದ್ದರಿಂದ ಅವುಗಳನ್ನು ನಂಬಿದ್ದ ಉದ್ಯಮಗಳಿಗೆ ಪೆಟ್ಟು ಬಿದ್ದಿತು. ಉತ್ತರ ಕೆರೊಲಿನದ ಬೆಟ್ಟಗಳಲ್ಲಿ ರಸ್ತೆ ಕಡಿದುಹೋದ ಊರುಗಳಿಗೆ ಆಹಾರ ಮತ್ತು ಔಷಧ ಮೊದಲಾದ ಸಾಮಗ್ರಿಗಳನ್ನು ತಲುಪಿಸಲು ಸ್ವಯಂಸೇವಕರು ಹೇಸರಗತ್ತೆಗಳನ್ನು ಬಳಸಿದರು.